ಗೋಡೆ ಒಡೆಯೋ ಕಾರ್ಯಕ್ರಮ

ಊಟ ಮುಗಿದು, ಪಾತ್ರೆ ತೊಳೆದಿಟ್ಟು ನಾನು ಟೀವಿ ಮುಂದೆ ಕೂತ ಕೂಡಲೇ ನಮ್ಮನೆಯವರು ಮೊಬೈಲ್ ಹಿಡಿದುಕೊಂಡು ಬಾಲ್ಕನಿಗೆ ಹೊರಡುತ್ತಾರೆ. ಸುಮ್ನೆ ಹೋಗೋದಿಲ್ಲ, ಒಂದು ಮಾತು ಹೇಳಿಯೇ ಹೋಗಬೇಕು. "ಶುರುವಾಯ್ತಾ ನಿನ್ನ ಗೋಡೆ ಒಡೆಯೋ ಕಾರ್ಯಕ್ರಮ?"

ಹೌದು, ನಂಗೆ ಮನೆ ತೋರಿಸೋ ಕಾರ್ಯಕ್ರಮಗಳ ಹುಚ್ಚು. ಧಾರಾವಾಹಿ ಬೇಡ, ಸುದ್ದಿ ಬೇಡ, ಅಡುಗೆ ಕಾರ್ಯಕ್ರಮವೂ ಬೇಡ. ಗುರುತು ಪರಿಚಯ ಇಲ್ಲದವರು ಯಾರೋ ಯಾವುದೋ ಊರಲ್ಲಿ ಮನೆ ಕೊಳ್ಳುತ್ತಿರಬೇಕು, ಕಟ್ಟುತ್ತಿರಬೇಕು, ಇಲ್ಲಾ ಇದ್ದದ್ದನ್ನು ಕೆಡವುತ್ತಿರಬೇಕು. ಅವರ ಅಡುಗೆಮನೆ ಕಪಾಟು ಎತ್ತ ಕಡೆ ತೆರೆಯುತ್ತದೆ ಅಂತ ನೋಡುತ್ತಾ ಕೂತರೆ ನನ್ನ ದಿನದ ದಣಿವು ಇಳಿಯುತ್ತದೆ. ತಮಾಷೆ ಅಂದ್ರೆ ನಾವಿರೋದು ಬಾಡಿಗೆ ಮನೆಯಲ್ಲಿ. ಕಾರವಾರದ ಕೋಡಿಬಾಗದಲ್ಲಿ ಎರಡು ಕೋಣೆ. ಜೂನ್ ಬಂತೆಂದರೆ ಬಚ್ಚಲುಮನೆ ಬಾಗಿಲು ಉಬ್ಬಿಕೊಂಡು ಹಾಕಲಿಕ್ಕೇ ಬರುವುದಿಲ್ಲ. ಅಕ್ಟೋಬರ್ ತನಕ ಒಳಗಿದ್ದವರು ಹಾಡು ಹೇಳುತ್ತಾ ಇರಬೇಕು. ಗೋಡೆಗೆ ಒಂದು ಮೊಳೆ ಹೊಡೆಯೋದಾದರೂ ಓನರ್ ಹತ್ತಿರ ಕೇಳಬೇಕು. ಹೊಡೆದ ಮೊಳೆ ಉಪ್ಪುಗಾಳಿಗೆ ತುಕ್ಕು ಹಿಡಿದು ತಾನೇ ಉದುರುತ್ತದೆ, ಅದು ಬೇರೆ ಮಾತು.

ಈ ಚಟ ಟೀವಿಯಿಂದ ಬಂದದ್ದು ಅಂತ ನಂಗೆ ಅನಿಸೋದಿಲ್ಲ. ಶಿರಸಿ ಕಡೆಯ ನಮ್ಮೂರಲ್ಲಿ ಯಾರದ್ದಾದರೂ ಗೃಹಪ್ರವೇಶ ಅಂದ್ರೆ ಹೆಂಗಸರಿಗೆ ಊಟಕ್ಕಿಂತ ಮುಂಚೆ ಮನೆ ನೋಡಿ ಮುಗಿಯಬೇಕು. ಹೋಮದ ಹೊಗೆ ಇನ್ನೂ ಮನೆ ತುಂಬಾ ಇರುತ್ತದೆ. ಅದರ ನಡುವೆಯೇ ಕಣ್ಣುಜ್ಜಿಕೊಳ್ಳುತ್ತಾ ಒಂದೊಂದೇ ಕೋಣೆಗೆ ಹೊಕ್ಕು ಹೊರಡೋದು. ಬಾಗಿಲಿಗೆ ಬೆರಳಲ್ಲಿ ತಟ್ಟಿ "ಸಾಗವಾನಿಯಾ, ಹಲಸಾ?" ಅಂತ ಕೇಳೋದು. ಹಂಡೆ ಒಲೆಯ ಹೊಗೆ ಎತ್ತ ಹೋಗುತ್ತದೆ ಅಂತ ಬಗ್ಗಿ ನೋಡೋದು. ಹೊಸ ಕಪಾಟಿನ ಬಾಗಿಲು ತೆಗೆದು, ಒಳಗೆ ಮೂಸಿ, ಮತ್ತೆ ಹಾಕೋದು. ಆಮೇಲೆ ಎಲೆ ಮುಂದೆ ಕೂತು ತೀರ್ಪು. "ಚೊಲೊ ಮಾಡಿದ್ದ. ಆದ್ರೆ ದೇವರ ಕೋಣೆ ಕತ್ತಲೆ." ಈಗ ನಾನು ಮಾಡೋದು ಅದನ್ನೇ. ಉಡುಗೊರೆ ಕವರ್ ಖರ್ಚು ಮಾತ್ರ ಇಲ್ಲ.

ನಾನು ಚಿಕ್ಕವಳಿದ್ದಾಗ ನಮ್ಮಲ್ಲಿ ಟೀವಿ ಆಂಟೆನಾವನ್ನು ಅಡಿಕೆ ಮರದ ತುದಿಗೆ ಕಟ್ಟುತ್ತಿದ್ದರು. ಗಾಳಿ ಬಂದರೆ ಮರ ತೂಗುತ್ತಿತ್ತು, ಮರ ತೂಗಿದರೆ ಚಿತ್ರ ತೂಗುತ್ತಿತ್ತು. ಅದರಲ್ಲಿ ದೂರದರ್ಶನ ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಮನೆಗಳ ಕಾರ್ಯಕ್ರಮ ಮೊದಲು ಕಂಡದ್ದು ಹುಬ್ಬಳ್ಳಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿದ್ದಾಗ. 2004ರಲ್ಲಿ ಡಿಸ್ಕವರಿ ಟ್ರಾವೆಲ್ ಅಂಡ್ ಲಿವಿಂಗ್ ಅಂತ ಹೊಸ ಚಾನೆಲ್ ಶುರುವಾಗಿತ್ತು. ಅದೇ ಮುಂದೆ 2010ರಲ್ಲಿ ಟಿಎಲ್‌ಸಿ ಆಯ್ತು. ಒಂದು ಕೋಣೆಯಲ್ಲಿ ನಾಲ್ಕು ಮಂಚ ಹಾಕಿಕೊಂಡಿದ್ದ ನಾವು ನಾಲ್ಕು ಹುಡುಗಿಯರು "ಛೇ, ಈ ಬೆಡ್‌ರೂಮ್ ಸಣ್ಣದಾಯ್ತು" ಅಂತ ಪರದೇಶದವರ ಮನೆಗೆ ಹೆಸರಿಡುತ್ತಿದ್ದೆವು.

ಆದ್ರೆ ನಿಜವಾದ ಮಜಾ ಶುರುವಾದದ್ದು ಆಯಿ, ಅಂದ್ರೆ ನನ್ನ ಅಮ್ಮನ ಜೊತೆ ನೋಡಲಿಕ್ಕೆ ಹತ್ತಿದ ಮೇಲೆ. ಅಪ್ಪಯ್ಯ ಹೋದ ಮೇಲೆ ಮಳೆಗಾಲದಲ್ಲಿ ಆಯಿಯನ್ನು ಊರಲ್ಲಿ ಒಬ್ಬಳೇ ಬಿಡೋದಿಲ್ಲ. ಜೂನ್ ಕೊನೆಗೆ ದೇವಿಮನೆ ಘಟ್ಟ ಇಳಿಸಿ ಕರೆದುಕೊಂಡು ಬರುತ್ತೇವೆ. ಚೌತಿ ಹೊತ್ತಿಗೆ ಅವಳಿಗೆ ಊರು ನೆನಪಾಗಿ ಹಟ ಹಿಡಿಯುತ್ತಾಳೆ. ಅಲ್ಲಿಯವರೆಗೆ ರಾತ್ರಿ ನನ್ನ ಪಕ್ಕದಲ್ಲೇ ಅವಳ ಕುರ್ಚಿ. ಇಂಗ್ಲಿಷ್ ಒಂದಕ್ಷರ ಬಾರದು. ಬೇಕಾಗಿಯೂ ಇಲ್ಲ. ಮನೆ ನೋಡಲಿಕ್ಕೆ ಭಾಷೆ ಎಂತಕ್ಕೆ?

ಮೊದಲ ದಿನ ಹಾಕಿದ್ದು ಪ್ರಾಪರ್ಟಿ ಬ್ರದರ್ಸ್. 2011ರಲ್ಲಿ ಕೆನಡಾದಲ್ಲಿ ಶುರುವಾದದ್ದು. ಡ್ರೂ ಸ್ಕಾಟ್, ಜೊನಾಥನ್ ಸ್ಕಾಟ್ ಅಂತ ಅವಳಿ ಸಹೋದರರು. ಒಬ್ಬ ಮನೆ ಕೊಡಿಸುತ್ತಾನೆ, ಇನ್ನೊಬ್ಬ ಅದನ್ನು ಒಡೆದು ಕಟ್ಟಿಕೊಡುತ್ತಾನೆ. ಆಯಿ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದಳು. "ಅಣ್ಣ-ತಮ್ಮ ಇಬ್ರೂ ಸೇರಿ ಮನೆ ಕಟ್ಟದಾ?" ಅವಳಿಗೆ ನಂಬಿಕೆಯೇ ಬರಲಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆಯಿಗೆ ಎಲ್ಲ ಮನೆಗೂ ಒಂದೇ ಪರೀಕ್ಷೆ. ಮಳೆ. ಗೋಡೆ ತುಂಬಾ ಗಾಜು, ಮೇಲೆ ಚಪ್ಪಟೆ ತಾರಸಿ, ಸೂರು ಅಂತ ಒಂದು ಅಡಿಯೂ ಮುಂದೆ ಬಂದಿರದ ಮನೆ ಕಂಡರೆ ಅವಳಿಗೆ ಕೂತಲ್ಲೇ ಕಸಿವಿಸಿ. "ಮನೆ ಚೊಲೊ ಇದ್ದು ಕೂಸೆ. ಆದ್ರೆ ಮಾಡೆಲ್ಲಿದ್ದು?" ಮಾಡು ಅಂದ್ರೆ ನಮ್ಮಲ್ಲಿ ಇಳಿಜಾರು ಛಾವಣಿ. ಅಲ್ಲಿ ನಮ್ಮಷ್ಟು ಮಳೆ ಇಲ್ಲ ಅಂತ ನಾನು ಹೇಳಬೇಕು. ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳೋದು ಸುಮಾರು 600 ಮಿಲಿಮೀಟರ್. ಕಾರವಾರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಇಲ್ಲಿ ಮನೆ ಅಂದ್ರೆ ಮೊದಲು ಮಾಡು, ಆಮೇಲೆ ಗೋಡೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಕರಾವಳಿಗೂ ಘಟ್ಟದ ಮೇಲಕ್ಕೂ ಹಂಚು ಹಬ್ಬಿತು. ಅದಕ್ಕೂ ಮೊದಲು ಸೋಗೆ, ಹುಲ್ಲು. ಈಗಲೂ ನಮ್ಮೂರ ಮನೆಯಲ್ಲಿ ಮೇ ತಿಂಗಳಲ್ಲಿ ಮಾಡು ಹತ್ತಿ ಒಡೆದ ಹಂಚು ಬದಲಿಸಬೇಕು, ಮಳೆ ಹೊಡೆಯೋ ಬದಿಗೆ ಸೋಗೆ ತಟ್ಟಿ ಕಟ್ಟಬೇಕು. ಟೀವಿಯವರು ಇದನ್ನೆಲ್ಲ ತೋರಿಸೋದಿಲ್ಲ. ಅಲ್ಲಿ ಮನೆ ಮುಗಿದ ದಿನ ಕಾರ್ಯಕ್ರಮವೂ ಮುಗಿಯಿತು. ಮೊದಲ ಮಳೆಗೆ ಎಲ್ಲಿ ಸೋರಿತು ಅಂತ ಕೇಳಲಿಕ್ಕೆ ಯಾರೂ ವಾಪಸ್ ಹೋಗೋದಿಲ್ಲ.

ತಪ್ಪು, ಒಬ್ಬರು ಹೋಗುತ್ತಾರೆ. ಬ್ರಿಟನ್ನಿನ ಗ್ರ್ಯಾಂಡ್ ಡಿಸೈನ್ಸ್, 1999ರಿಂದ ನಡೆಯುತ್ತಿದೆ. ಕೆವಿನ್ ಮೆಕ್‌ಕ್ಲೌಡ್ ಅಂತ ನಿರೂಪಕ. ಅವರು ಮನೆ ಕಟ್ಟಲಿಕ್ಕೆ ಶುರುಮಾಡುವಾಗಲೇ ಬಂದು, ಗುಂಡಿ ತೋಡಿದ ಜಾಗದಲ್ಲಿ ನಿಂತು, ಕೈ ಹಿಂದೆ ಕಟ್ಟಿ, "ದುಡ್ಡು ಸಾಕಾಗುತ್ತದಾ?" ಅಂತ ಕೇಳುತ್ತಾರೆ. ನಮ್ಮೂರಿನ ಯಾವುದೇ ದೊಡ್ಡಪ್ಪ ಕೇಳೋ ಪ್ರಶ್ನೆ. ಆಯಿಗೆ ಇವರ ಮೇಲೆ ಬಹಳ ಗೌರವ. ಅವಳಿಗೆ ಅತಿ ಇಷ್ಟವಾದದ್ದು 2003ರಲ್ಲಿ ಬಂದ ಒಂದು ಮನೆ. ಇಂಗ್ಲೆಂಡಿನ ಸಸೆಕ್ಸ್ ಕಾಡಿನಲ್ಲಿ ಬೆನ್ ಲಾ ಅನ್ನೋರು ತಮ್ಮ ಕಾಡಿನದ್ದೇ ಚೆಸ್ಟ್‌ನಟ್ ಮರದ ದುಂಡು ಕಂಬ ನಿಲ್ಲಿಸಿ, ಹುಲ್ಲಿನ ಕಟ್ಟು ಪೇರಿಸಿ ಗೋಡೆ ಮಾಡಿ ಕಟ್ಟಿದ್ದು. ಮರ ಸಿಗಿಸಿದ್ದಲ್ಲ, ತೊಗಟೆ ತೆಗೆದು ಹಾಗೇ ನಿಲ್ಲಿಸಿದ್ದು. "ನಮ್ಮ ಕೊಟ್ಟಿಗೆ ಹಾಂಗೇ ಇದ್ದು" ಅಂದಳು ಆಯಿ. ಅದು ಅವಳ ಬಾಯಲ್ಲಿ ಬಂದ ಅತಿ ದೊಡ್ಡ ಹೊಗಳಿಕೆ.

ಅವಳನ್ನು ನಿದ್ದೆಗೆಡಿಸಿದ್ದು ಇನ್ನೊಂದು ಮನೆ. ಉತ್ತರ ಡೆವನ್‌ನ ಕ್ರಾಯ್ಡ್ ಅನ್ನೋ ಊರು. ಸಮುದ್ರದ ಅಂಚಿನ ಬಂಡೆ ಮೇಲೆ, ಲೈಟ್‌ಹೌಸ್ ಥರದ ಗೋಪುರ ಇರೋ ಮನೆ. ಕಟ್ಟಲಿಕ್ಕೆ ಹೋದವರಿಗೆ ದುಡ್ಡು ಮುಗಿಯಿತು, ಸಾಲ ಕೋಟಿಗಟ್ಟಲೆ ಏರಿತು, 2019ರಲ್ಲಿ ಟೀವಿಯಲ್ಲಿ ತೋರಿಸುವಾಗ ಮನೆ ಬರೀ ಅಸ್ಥಿಪಂಜರ. ಅಷ್ಟರಲ್ಲಿ ಸಂಸಾರ ಮುರಿದಿತ್ತು. 2022ರಲ್ಲಿ ಮತ್ತೆ ಹೋಗಿ ತೋರಿಸುವಾಗ ಮನೆ ಎದ್ದು ನಿಂತಿತ್ತು, ಮಾರಾಟಕ್ಕಿತ್ತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ ನಮ್ಮಲ್ಲಿ. ಪಾಪ, ಇವರು ಒಂದನ್ನು ಮಾಡಲಿಕ್ಕೆ ಹೋಗಿ ಇನ್ನೊಂದನ್ನು ಕಳೆದುಕೊಂಡರು. ಇದನ್ನು ನಾನು ಯೂಟ್ಯೂಬಿನಲ್ಲಿ ತುಣುಕು ತುಣುಕಾಗಿ ಆಯಿಗೆ ತೋರಿಸಿದ್ದು. ಈಗಲೂ ಊರಿಂದ ಫೋನ್ ಮಾಡಿದಾಗ ನಡುವೆ ಕೇಳುತ್ತಾಳೆ, ಆ ಸಮುದ್ರದ ಮನೆಯವನಿಗೆ ಗಿರಾಕಿ ಸಿಕ್ಕಿತಾ ಅಂತ. ಸಂಬಂಧಿಕರ ಮನೆ ವಿಚಾರ ಕೇಳಿದ ಹಾಗೆ.

ಮನೆ ಹುಡುಕೋ ಕಾರ್ಯಕ್ರಮಗಳದ್ದು ಬೇರೆಯೇ ರುಚಿ. ಅಮೆರಿಕದ ಹೌಸ್ ಹಂಟರ್ಸ್, ಅದೂ 1999ರದ್ದೇ. ಗಂಡ ಹೆಂಡತಿ ಮೂರು ಮನೆ ನೋಡುತ್ತಾರೆ. ಒಂದರಲ್ಲಿ ಹಿತ್ತಿಲು ದೊಡ್ಡದು, ಒಂದರಲ್ಲಿ ಅಡುಗೆಮನೆ ಹಳೆಯದು, ಒಂದಕ್ಕೆ ದುಡ್ಡು ಜಾಸ್ತಿ. ಕೊನೆಗೆ ಒಂದು ಆರಿಸುತ್ತಾರೆ. ಯಾವುದು ಅಂತ ನಾನು, ಆಯಿ ಪಂಥ ಕಟ್ಟುತ್ತೇವೆ. ಹಣಕ್ಕಲ್ಲ, ಮರುದಿನ ಬೆಳಿಗ್ಗೆ ದೋಸೆ ಹೊಯ್ಯೋದು ಯಾರು ಅನ್ನೋದಕ್ಕೆ. 2012ರಲ್ಲಿ ಒಂದು ಗುಟ್ಟು ಹೊರಬಿತ್ತು. ಎಷ್ಟೋ ಸಲ ಮನೆ ಕೊಳ್ಳೋ ಮಾತುಕತೆ ಮುಗಿದವರನ್ನೇ ಕರೆದು, ಮತ್ತೆರಡು ಮನೆ ಸುಮ್ನೆ ತೋರಿಸಿ, ಆರಿಸಿದ ಹಾಗೆ ಮಾಡಿಸುತ್ತಾರಂತೆ. ಚಾನೆಲ್ಲಿನವರೂ ಒಪ್ಪಿಕೊಂಡರು. ನಂಗೆ ಬೇಜಾರಾಯ್ತು. ಆಯಿಗೆ ಆಗಲಿಲ್ಲ. ನನ್ನ ಮದುವೆಯಲ್ಲೂ ಹಾಗೇ ಆಗಿತ್ತಲ್ಲ. ಜಾತಕ ಕೂಡಿ, ಎರಡೂ ಕಡೆ ಒಪ್ಪಿಗೆಯಾಗಿ, ಛತ್ರ ಸಿಗುತ್ತದಾ ಅಂತ ವಿಚಾರಿಸಿದ ಮೇಲೆ ಒಂದು ಭಾನುವಾರ ಹೆಣ್ಣು ನೋಡೋ ಶಾಸ್ತ್ರ! ನಾನೂ ಏನೂ ಗೊತ್ತಿಲ್ಲದವಳ ಹಾಗೆ ತಲೆ ತಗ್ಗಿಸಿ ಕಷಾಯ ತಂದುಕೊಟ್ಟಿದ್ದೆ.

ನಾವೂ ಕಾರವಾರದಲ್ಲಿ ಮೂರು ಮನೆ ನೋಡಿದ್ದೇವೆ. ಮೊದಲನೆಯದು ಜಾಗ, ಮನೆಯಲ್ಲ. ಸಮುದ್ರ ಎದುರಿಗೇ ಕಾಣುತ್ತಿತ್ತು. ಕಾಣುತ್ತಿತ್ತು ಅನ್ನೋದೇ ತೊಂದರೆ. ಭರತದ ನೀರಿನ ಗೆರೆಯಿಂದ 500 ಮೀಟರ್ ಒಳಗೆ ಕಟ್ಟೋದಕ್ಕೆ ಮಿತಿ ಹಾಕೋ ಕರಾವಳಿಯ ಸಿಆರ್‌ಝಡ್ ನಿಯಮ, 1991ರಿಂದ. ಎರಡನೆಯದು ಪಂಚಾಯ್ತಿ ಜಾಗದಲ್ಲಿನ ಮನೆ, ಇ-ಸ್ವತ್ತು, ಅಂದ್ರೆ ಪಂಚಾಯ್ತಿಯ ಕಂಪ್ಯೂಟರ್ ಆಸ್ತಿ ದಾಖಲೆ, ಆಗಿರಲಿಲ್ಲ, ಆಗಿಲ್ಲದಿದ್ದರೆ ಬ್ಯಾಂಕಿನವರು ಸಾಲದ ಅರ್ಜಿಯನ್ನೂ ಮುಟ್ಟೋದಿಲ್ಲ. ಮೂರನೆಯದು ಎಲ್ಲ ಸರಿ ಇತ್ತು. ಬಾವಿ, ಎರಡು ತೆಂಗಿನ ಮರ, ಬಿಸಿಲು ಬೀಳೋ ಅಡುಗೆಮನೆ. ಪಹಣಿಯಲ್ಲಿ ಒಂಬತ್ತು ಹೆಸರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನು ಬಂದ ಮೇಲೆ ಅಕ್ಕ-ತಂಗಿಯರ ಸಹಿ ಇಲ್ಲದೆ ಯಾರೂ ಜಾಗ ಕೊಳ್ಳೋದಿಲ್ಲ. ಸರಿಯಾದ ಕಾನೂನೇ, ನಾನೂ ಹೆಣ್ಣುಮಗಳೇ. ಮುಂಬೈಯಲ್ಲಿದ್ದ ತಂಗಿ ಒಬ್ಬರು ಸಹಿ ಹಾಕೋದಿಲ್ಲ ಅಂದರು. "ನಾನು ಹುಟ್ಟಿದ ಮನೆ, ಮಾರೋದಿಲ್ಲ" ಅಂದರಂತೆ. ಬ್ರೋಕರ್ ತಲೆ ಚಚ್ಚಿಕೊಂಡರು. ನಂಗೆ ಮಾತ್ರ ಆ ತಂಗಿ ಮೇಲೆ ಸಿಟ್ಟು ಬರಲಿಲ್ಲ.

ಇನ್ನು ಒಡೆಯೋ ಕಾರ್ಯಕ್ರಮಗಳು. ಇದರಲ್ಲಿ ರಾಜ ಅಂದ್ರೆ ಫಿಕ್ಸರ್ ಅಪ್ಪರ್, 2013ರಿಂದ ಶುರುವಾದದ್ದು. ಟೆಕ್ಸಾಸ್‌ನ ವೇಕೋ ಊರಿನ ಗೇನ್ಸ್ ದಂಪತಿ. ಗಂಡ ಚಿಪ್ ದೊಡ್ಡ ಸುತ್ತಿಗೆ ಹಿಡಿದು ಗೋಡೆಗೆ ಒಂದು ಏಟು ಕೊಟ್ಟರೆ ಗೋಡೆ ತೂತು. ಇನ್ನೊಂದು ಏಟಿಗೆ ಆಚೆ ಕೋಣೆ ಕಾಣುತ್ತದೆ. ಅವರದ್ದು ಗೋಡೆಯೇ ಅಂಥದ್ದು. 16 ಇಂಚಿಗೊಂದು ಮರದ ಪಟ್ಟಿ ನಿಲ್ಲಿಸಿ, ಎರಡೂ ಬದಿಗೆ ಅರ್ಧ ಇಂಚಿನ ಜಿಪ್ಸಂ ಹಲಗೆ ಹೊಡೆದದ್ದು. ಕೊನೆಯಲ್ಲಿ ಹಳೆ ಮನೆಯ ಮನೆಯಷ್ಟೇ ದೊಡ್ಡ ಫೋಟೊವನ್ನು ಮುಂದೆ ನಿಲ್ಲಿಸಿರುತ್ತಾರೆ. ಅದು ನಡುವೆ ಸೀಳಿ ಎರಡು ಬದಿಗೆ ಸರಿಯುತ್ತದೆ. ಹಿಂದಿನಿಂದ ಹೊಸ ಮನೆ! ನಮ್ಮ ಯಕ್ಷಗಾನದ ಒಡ್ಡೋಲಗವೇ. ತೆರೆ ಹಿಡಿದವರು ಅದನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಕಿರೀಟ ಮಾತ್ರ ತೋರಿಸಿ, ಕಾಯಿಸಿ, ಆಮೇಲೆ ಪೂರ್ತಿ ಬಿಡುತ್ತಾರಲ್ಲ, ಅದೇ ಹಿಡಿತ.

ಇಂಥ ಎಪಿಸೋಡ್ ನೋಡುವಾಗ ಆಯಿ ಮಾತಾಡುವುದಿಲ್ಲ. ಅಡಿಕೆ ಕತ್ತರಿಸುತ್ತಾ ಕೂತಿರುತ್ತಾಳೆ. ಅಲ್ಲಿ ಪ್ರತಿ ಮನೆಯಲ್ಲೂ ಗೋಡೆ ತೆಗೆಯುತ್ತಾರೆ. ಅಡುಗೆಮನೆ, ಊಟದ ಮನೆ, ಹಜಾರ ಎಲ್ಲ ಒಂದೇ ಆಗಬೇಕು. ನಮ್ಮಲ್ಲಿ ಎಲ್ಲ ಒಂದೇ ಇತ್ತು. ಗೋಡೆ ಆಮೇಲೆ ಬಂತು.

ನಮ್ಮದು ಎಂಟು ಅಂಕಣದ ಮನೆ. 1987ರಲ್ಲಿ ಅಪ್ಪಯ್ಯನಿಗೂ ಚಿಕ್ಕಪ್ಪನಿಗೂ ಹಿಸೆ ಆಯ್ತು. ತೋಟಕ್ಕೆ ನಡುವೆ ಕಾಲುವೆ ಇತ್ತು, ಸುಲಭ. ಮನೆಗೆ ಕಾಲುವೆ ಇರಲಿಲ್ಲ. ಜಗುಲಿಯ ನಡುವೆ ದಾರ ಹಿಡಿದು, ಚಿರೇಕಲ್ಲಿನ ಗೋಡೆ ಎಬ್ಬಿಸಿದರು. ನಂಗೆ ಆಗ ಆರು ವರ್ಷ. ಗೋಡೆ ಏಳುವಾಗ ಮೊದಮೊದಲು ನಾನೂ, ಚಿಕ್ಕಪ್ಪನ ಮಗನೂ ಅದರ ಮೇಲೆ ಹತ್ತಿ ಆಚೆ ಈಚೆ ಜಿಗಿಯುತ್ತಿದ್ದೆವು. ನಾಲ್ಕನೇ ದಿನ ಹತ್ತಲಿಕ್ಕೆ ಆಗಲಿಲ್ಲ. ಜಗುಲಿಯ ಮೇಲಿನ ತೊಲೆಗೆ ತೂಗುಮಂಚದ ಎರಡು ಕಬ್ಬಿಣದ ಕೊಂಡಿ ಇದ್ದವು. ಗೋಡೆ ಸರಿಯಾಗಿ ಅವುಗಳ ನಡುವೆ ಬಂತು. ಒಂದು ಕೊಂಡಿ ನಮ್ಮ ಬದಿ, ಒಂದು ಅವರ ಬದಿ. ಮಂಚದ ಹಲಗೆ ನಮ್ಮ ಪಾಲಿಗೆ ಬಂತು, ಸರಪಳಿ ಅವರ ಪಾಲಿಗೆ. ಹಲಗೆ ಈಗಲೂ ಅಟ್ಟದ ಮೇಲಿದೆ. ಕೊಂಡಿಗೆ ಅಪ್ಪಯ್ಯ ಬಹಳ ವರ್ಷ ಲಾಟೀನು ಕಟ್ಟುತ್ತಿದ್ದರು.

ಈಗ ಚಿಕ್ಕಪ್ಪ ಇಲ್ಲ. ಚಿಕ್ಕಮ್ಮ ಮಗನ ಜೊತೆ ಬೆಂಗಳೂರಲ್ಲಿ. ಅವರ ಬದಿಗೆ ಬೀಗ. ಮಳೆಗಾಲದಲ್ಲಿ ಅಲ್ಲಿ ಹಂಚು ಸರಿದರೆ ನೀರು ಗೋಡೆ ದಾಟಿ ನಮ್ಮ ಬದಿಗೇ ಬರುತ್ತದೆ, ಅದಕ್ಕೆ ಹಿಸೆ ಗಿಸೆ ಗೊತ್ತಿಲ್ಲ. ಇಷ್ಟೆಲ್ಲ ಗೋಡೆ ಒಡೆಯೋದು ನೋಡಿ ನೋಡಿ ಈ ವರ್ಷ ಬೇಸಿಗೆಯಲ್ಲಿ ನನಗೇ ತಲೆಗೆ ಹತ್ತಿತು. ಯಾಕೆ ಆ ಗೋಡೆ ತೆಗೆಸಬಾರದು? ಚಿಕ್ಕಪ್ಪನ ಮಗ ತಮ್ಮನಿಗೆ ಫೋನ್ ಮಾಡಿದೆ. ಅವನೂ ಇವೇ ಕಾರ್ಯಕ್ರಮ ನೋಡುತ್ತಾನಂತೆ! "ತೆಗೆಸೋಣ ಅಕ್ಕಾ" ಅಂದ. ಎರಡೇ ನಿಮಿಷದ ಮಾತು. ಆ ಗೋಡೆ ಏಳಲಿಕ್ಕೆ ಮುಂಚೆ ನಮ್ಮ ಅಪ್ಪಂದಿರು ಎರಡು ವರ್ಷ ಮಾತು ಬಿಟ್ಟಿದ್ದರು.

ಮೇಸ್ತ್ರಿಯನ್ನು ಕರೆಸಿದೆ. ವಯಸ್ಸಾದವರು, ಬಾಯಲ್ಲಿ ಕವಳ. ಗೋಡೆಗೆ ಸುತ್ತಿಗೆಯ ಹಿಡಿಯಿಂದ ಮೂರು ಕಡೆ ತಟ್ಟಿದರು. ಚಿರೇಕಲ್ಲು ಗಣಿಯಿಂದ ತೆಗೆದಾಗ ಮೆದು, ಕೊಡಲಿಯಿಂದ ಕಡಿಯಬಹುದು. ಗಾಳಿ ಬಿಸಿಲಿಗೆ ಬಿದ್ದಷ್ಟೂ ಗಟ್ಟಿ. ಇಷ್ಟು ವರ್ಷದಲ್ಲಿ ಆದದ್ದು ಕಲ್ಲೇ ಕಲ್ಲು. ಆಮೇಲೆ ಅವರು ಏಣಿ ಹಾಕಿಸಿ ಮೇಲೆ ಹತ್ತಿ, ತೊಲೆಯ ಬದಿಯನ್ನು ಉಗುರಿನಿಂದ ಕೆರೆದರು. ಮಣ್ಣು ಉದುರಿತು. ಒರಲೆ.

"ಇದು ತೆಗೆಯೋ ಗೋಡೆ ಅಲ್ಲ ತಂಗೀ" ಅಂದರು.

"ಅಡ್ಡಗೋಡೆ ಅಲ್ವಾ? ಆಮೇಲೆ ಕಟ್ಟಿದ್ದು."

"ಕಟ್ಟುವಾಗ ಅಡ್ಡಗೋಡೆ. ಈಗ ತೊಲೆ ಎರಡೂ ತುದಿಗೆ ತಿಂದುಹೋಗಿದೆ. ಕೂತದ್ದೇ ಇದರ ಮೇಲೆ. ಇದನ್ನು ತೆಗೆದರೆ ಮಾಡು ಇಳಿಯುತ್ತದೆ."

ಲೋಡ್ ಬೇರಿಂಗ್! ಅಮೆರಿಕದ ಪ್ರತಿ ಕಾರ್ಯಕ್ರಮದಲ್ಲೂ ಅರ್ಧ ದಾರಿಗೆ ಬರೋ ಮಾತು. ಗೋಡೆಯೊಳಗೆ ಇಣುಕಿ ನೋಡಿ, ಮುಖ ಸಣ್ಣದು ಮಾಡಿ, ಇದು ಭಾರ ಹೊರೋ ಗೋಡೆ ಅನ್ನುತ್ತಾರೆ. ಸಂಗೀತ ಬದಲಾಗುತ್ತದೆ. ಖರ್ಚು ಏರುತ್ತದೆ. ನೂರು ಸಲ ಕೇಳಿದ ಮಾತು ನಮ್ಮ ಜಗುಲಿಯಲ್ಲಿ ಕೇಳಿಬರುತ್ತದೆ ಅಂತ ನಾನು ಎಣಿಸಿರಲಿಲ್ಲ. ಆಯಿ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡಳು. ಏನೂ ಹೇಳದೆ ಮೇಸ್ತ್ರಿಗೆ ಕಷಾಯ ಮಾಡಲಿಕ್ಕೆ ಒಳಗೆ ಹೋದಳು.

ಗೋಡೆ ತೆಗೆಯಲೇಬೇಕು ಅಂದ್ರೆ ಜಾಕ್ ಕೊಟ್ಟು ಮಾಡು ಎತ್ತಿ ಹಿಡಿದು, ಕಬ್ಬಿಣದ ತೊಲೆ ಕೂರಿಸಬೇಕು. ಮೇಸ್ತ್ರಿ ಹೇಳಿದ ಮೊತ್ತ ಕೇಳಿ ನಾನು ವಿಷಯ ಬದಲಿಸಿದೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ಗೋಡೆ ಇರಲಿ, ತೊಲೆ ಕೂತ ಜಾಗ ಬಿಟ್ಟು ಆಚೆ ಬದಿಗೆ ಮೂರು ಅಡಿ ಕಡಿದು, ಮೇಲೆ ಕಾಂಕ್ರೀಟ್ ಲಿಂಟಲ್ ಕೊಟ್ಟು ಒಂದು ಬಾಗಿಲು ಇಡಬಹುದು. ಹಳೆ ಹಲಸಿನ ಬಾಗಿಲೊಂದು ಕೊಟ್ಟಿಗೆಯಲ್ಲಿ ಬಿದ್ದಿತ್ತು, ಅದೇ ಸಾಕು.

ಹೋದ ವಾರ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. ಹೊರಗೆ ಕೋಡಿಬಾಗದ ಮಳೆ ಬಡಿಯುತ್ತಿತ್ತು, ಸರಿ ಕೇಳದೆ ಸ್ಪೀಕರ್ ಹಾಕಿದ್ದೆ. ಬಾಗಿಲಿನ ವಿಷಯ ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅಕ್ಕಾ, ಚಿಲಕ ಯಾವ ಬದಿಗೆ?"

ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೂ ನನಗೆ ಉತ್ತರ ಹೊಳೆಯಲಿಲ್ಲ. ಆಯಿ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಎರಡೂ ಬದಿಗೆ ಹಾಕ್ಸು. ಮೊದ್ಲು ಮಳೆ ಹೋಗ್ಲಿ."